ಬೆಳೆಯುವ ಮಗು ಮತ್ತು ಹೆತ್ತವರ ಧರ್ಮ

ವಿಜಯದಶಮಿಯು ನಮ್ಮ ಸಂಪ್ರದಾಯದವರಿಗೆ ಎರಡು ಬಗೆಯಿಂದ ಪವಿತ್ರವಾದ ದಿನ. ಶ್ರೀಮದಾಚಾರ್ಯರು ಪಾಜಕಕ್ಷೇತ್ರದಲ್ಲಿ ಅವತರಿಸಿದ ದಿನವೆಂದು ಅಂದು ಮಧ್ವಜಯಂತಿಯನ್ನು ಆಚರಿಸುತ್ತೇವೆ. ಮನೆಯ ಎಳೆಯ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ದಿನವೂ ಅದೇ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ತಂದೆಯು ಮಗುವಿನ ಬೆರಳನ್ನು ಹಿಡಿದು ಬರೆಸುವಾಗ ಆ ಪುಟ್ಟ ಕೈ ಸಂಪೂರ್ಣವಾಗಿ ಅವನ ಮುಷ್ಟಿಯೊಳಗೆ ಅಡಗಿರುತ್ತದೆ. ಹತ್ತು ಹನ್ನೆರಡು ವರ್ಷಗಳು ಕಳೆದ ಮೇಲೆ ಅದೇ ಕೈ ತಂದೆಯ ಕೈಯಷ್ಟೇ ದೊಡ್ಡದಾಗುತ್ತದೆ. ಹಿಡಿಯಹೋದರೆ ಮೆಲ್ಲನೆ ಬಿಡಿಸಿಕೊಳ್ಳುತ್ತದೆ. ಆಗ ಹೆತ್ತವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈ ಮಗು ಇನ್ನು ನಮ್ಮದಲ್ಲವೇ? ಈ ಪ್ರಶ್ನೆಯನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಲ್ಯದಿಂದ ಕೌಮಾರಕ್ಕೆ, ಕೌಮಾರದಿಂದ ಯೌವನದ ಹೊಸ್ತಿಲಿಗೆ ಮಗುವು ಬರುವ ಪರಿಯನ್ನು ನೋಡುವುದೇ ಒಂದು ವಿಸ್ಮಯ. ಆರೇಳು ವರ್ಷದ ಹುಡುಗನು ದೇವರ ಕೋಣೆಯಲ್ಲಿ ತಂದೆಯ ಪಕ್ಕ ಕುಳಿತು ಜಾಗಟೆ ಬಾರಿಸಲು ತಾನೇ ಮುಂದಾಗುತ್ತಾನೆ. ಗೋಪೀಚಂದನದ ಮುದ್ರೆಯನ್ನು ತನಗೂ ಹಚ್ಚಬೇಕೆಂದು ಹಟಹಿಡಿಯುತ್ತಾನೆ. ಧನುರ್ಮಾಸದ ಚಳಿಯಲ್ಲಿ ಹುಗ್ಗಿಯ ಆಸೆಗಾದರೂ ನಸುಕಿನಲ್ಲಿ ಎದ್ದು ಕೂರುತ್ತಾನೆ. ಅವನ ಪ್ರತಿಯೊಂದು ಪ್ರಶ್ನೆಗೂ ತಾಯಿಯ ಮಾತೇ ಕೊನೆಯ ಪ್ರಮಾಣ. ಆದರೆ ಹದಿಮೂರು ಹದಿನಾಲ್ಕರ ವಯಸ್ಸಿಗೆ ದನಿ ಒಡೆಯುತ್ತದೆ, ಮಾತು ಕಡಿಮೆಯಾಗುತ್ತದೆ. ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಂಧ್ಯಾವಂದನೆಗೆ ಕರೆದರೆ "ಏಕೆ ಮಾಡಬೇಕು?" ಎಂಬ ಮರುಪ್ರಶ್ನೆ ಬರುತ್ತದೆ. ಏಕಾದಶಿಯ ಉಪವಾಸದ ಅರ್ಥವನ್ನು ಕೇಳುತ್ತಾನೆ. ಉತ್ತರವು ತೃಪ್ತಿ ಕೊಡದಿದ್ದರೆ ಮೌನವಾಗಿ ಎದ್ದುಹೋಗುತ್ತಾನೆ. ಇದನ್ನು ಕಂಡ ಹೆತ್ತವರಲ್ಲಿ ಕೆಲವರು ಕೋಪಗೊಳ್ಳುತ್ತಾರೆ, ಕೆಲವರು ಕಣ್ಣೀರಿಡುತ್ತಾರೆ; ಬಹುಮಂದಿ ಕಾಲವನ್ನೂ ಶಾಲೆಯನ್ನೂ ಸಹವಾಸವನ್ನೂ ದೂರುತ್ತಾರೆ.

ಇಲ್ಲಿ ಮೊದಲು ತಿಳಿಯಬೇಕಾದ ತತ್ತ್ವವೊಂದಿದೆ. ಪಂಚಭೇದಗಳನ್ನು ನಾವು ನಿತ್ಯವೂ ಕೇಳುತ್ತೇವೆ. ಜೀವನಿಗೂ ಈಶ್ವರನಿಗೂ ಭೇದ, ಜಡಕ್ಕೂ ಈಶ್ವರನಿಗೂ ಭೇದ, ಜೀವಜಡಗಳಿಗೆ ಭೇದ, ಜಡಜಡಗಳಿಗೆ ಭೇದ ಎಂಬುವುಗಳೊಂದಿಗೆ ಜೀವಜೀವರಿಗೂ ಪರಸ್ಪರ ಭೇದ ಎಂಬುದು ಅವುಗಳಲ್ಲಿ ಒಂದು. ಪ್ರವಚನಮಂದಿರದಲ್ಲಿ ಇದನ್ನು ಕೇಳಿ ತಲೆದೂಗುವುದು ಸುಲಭ. ತೊಟ್ಟಿಲಿನ ಬಳಿಯಲ್ಲಿ ಇದನ್ನು ನೆನೆಯುವುದು ಕಷ್ಟ. ತಂದೆತಾಯಿಗಳು ಮಗುವಿನ ದೇಹಕ್ಕೆ ನಿಮಿತ್ತರೇ ಹೊರತು ಜೀವಕ್ಕೆ ಕರ್ತೃಗಳಲ್ಲ. ಆ ಜೀವನು ಅನಾದಿ. ಅವನಿಗೆ ತನ್ನದೇ ಆದ ಸ್ವರೂಪವುಂಟು, ತನ್ನದೇ ಆದ ಯೋಗ್ಯತೆಯುಂಟು, ಅವನೊಳಗೆ ನೆಲೆಸಿ ಅವನನ್ನು ಪ್ರೇರಿಸುವ ಬಿಂಬರೂಪಿಯಾದ ಶ್ರೀಹರಿಯುಂಟು. ಮಗುವು ನಮ್ಮ ಮಡಿಲಿಗೆ ಬರುವುದಕ್ಕೆ ಮೊದಲೂ ಅವನು ಶ್ರೀಹರಿಯ ಅಧೀನನಾಗಿಯೇ ಇದ್ದನು. ನಮ್ಮ ಕಾಲ ಮುಗಿದ ಮೇಲೂ ಹಾಗೆಯೇ ಇರುವನು. ಮಧ್ಯದ ಕೆಲವು ವರ್ಷಗಳ ಪಾಲನೆಯನ್ನು ಮಾತ್ರ ಸ್ವಾಮಿಯು ನಮಗೆ ಒಪ್ಪಿಸಿದ್ದಾನೆ.

ಹೀಗೆಂದ ಮಾತ್ರಕ್ಕೆ ಸಂಬಂಧವೇ ಮಿಥ್ಯೆಯೆಂದು ಭಾವಿಸಬಾರದು. ಜಗತ್ತು ಸತ್ಯವೆಂದು ಸಾರಿದ ಸಿದ್ಧಾಂತ ನಮ್ಮದು. ತಾಯಿಯ ಮಮತೆ ಸತ್ಯ, ಮಗುವಿನ ನಗೆ ಸತ್ಯ, ಅವನು ಬೆನ್ನು ತಿರುಗಿಸಿ ನಡೆದಾಗ ಆಗುವ ನೋವೂ ಸತ್ಯ. ಆದರೆ ಸತ್ಯವಾದುದೆಲ್ಲ ನಮ್ಮ ಸ್ವತ್ತಲ್ಲ. ಸ್ವಾತಂತ್ರ್ಯವೆಂಬುದು ಒಬ್ಬ ಶ್ರೀಹರಿಗೆ ಮಾತ್ರ ಸೇರಿದ್ದು. ಆದುದರಿಂದ "ಇವನು ನನ್ನವನು" ಎಂಬ ಮಾತನ್ನು "ಇವನ ಸೇವೆಯು ನನಗೆ ಒಪ್ಪಿಸಲ್ಪಟ್ಟಿದೆ" ಎಂದು ತಿದ್ದಿಕೊಂಡರೆ ಮಮತೆಯೂ ಉಳಿಯುತ್ತದೆ, ಅಹಂಕಾರವೂ ಕರಗುತ್ತದೆ. ಹರೆಯಕ್ಕೆ ಕಾಲಿಡುವ ಮಗುವು ನಮ್ಮಿಂದ ಬೇರೆಯಾಗುತ್ತಿಲ್ಲ. ಮೊದಲಿನಿಂದಲೂ ಬೇರೆಯಾಗಿಯೇ ಇದ್ದ ಜೀವನೊಬ್ಬನು ಆ ಸಂಗತಿಯನ್ನು ನಮಗೆ ಕಾಣುವಂತೆ ಮಾಡುತ್ತಿದ್ದಾನೆ, ಅಷ್ಟೆ.

ಈ ಮಾತಿಗೆ ಶ್ರೀಮದಾಚಾರ್ಯರ ಬಾಲ್ಯಚರಿತ್ರೆಗಿಂತ ಉತ್ತಮವಾದ ನಿದರ್ಶನ ಬೇರೆ ಬೇಕಿಲ್ಲ. ನಾರಾಯಣಪಂಡಿತಾಚಾರ್ಯರು ತಮ್ಮ ಹದಿನಾರು ಸರ್ಗಗಳ ಸುಮಧ್ವವಿಜಯದಲ್ಲಿ ಇದನ್ನು ವಿಸ್ತರಿಸಿದ್ದಾರೆ. ಆಚಾರ್ಯರ ಅವತಾರಮಹಿಮೆಯ ಕಡೆಗೆ ನಮ್ಮ ಗಮನ ಸಹಜವಾಗಿ ಹೋಗುತ್ತದೆ. ಆದರೆ ಅದೇ ಕಥೆಯನ್ನು ಮಧ್ಯಗೇಹಭಟ್ಟರ ಪಕ್ಕದಲ್ಲಿ ನಿಂತು ಒಮ್ಮೆ ಓದಬೇಕು. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು, ಉಡುಪಿಯ ಅನಂತಾಸನನನ್ನು ಹನ್ನೆರಡು ವರ್ಷ ಸೇವಿಸಿ ಪಡೆದ ಮಗ ವಾಸುದೇವ. ತಂದೆಯು ಅಕ್ಷರಗಳನ್ನು ಬರೆದು ಕಲಿಸಿದರು. ಮರುದಿನ ಅವನ್ನೇ ಪುನಃ ಬರೆದಾಗ, ನಿನ್ನೆ ಬರೆದುದನ್ನೇ ಇಂದೂ ಏಕೆ ಬರೆಯುತ್ತೀರಿ ಎಂದು ಎಳೆಯ ಮಗು ಕೇಳಿತು. ಮುಂದೊಮ್ಮೆ ತಂದೆಯು ಸಭೆಯಲ್ಲಿ ಪುರಾಣ ಹೇಳುತ್ತ ಮರಗಳ ಹೆಸರುಗಳಿಗೆ ಅರ್ಥ ಹೇಳಿ, ಲಿಕುಚವೆಂಬ ಒಂದನ್ನು ಬಿಟ್ಟು ಮುಂದೆ ಸಾಗಿದರು. ಬಾಲಕನು ಎಲ್ಲರೆದುರಿಗೇ ಅದನ್ನು ಎತ್ತಿ ತೋರಿಸಿದನು. ಮತ್ತೊಬ್ಬ ಪೌರಾಣಿಕರು ಶಾಸ್ತ್ರಕ್ಕೆ ಒಪ್ಪದ ಅರ್ಥ ಹೇಳಿದಾಗ ಸಭೆಯಲ್ಲಿಯೇ ಅವರನ್ನು ತಡೆದು, ಮನೆಗೆ ಬಂದು, ಯಾರ ಮಾತು ಸರಿಯೆಂದು ತಂದೆಯನ್ನೇ ಕೇಳಿದನು. ಮಗನ ಮಾತೇ ಸರಿಯೆಂದು ಮಧ್ಯಗೇಹಭಟ್ಟರು ಒಪ್ಪಿದರು.

ಆ ಒಪ್ಪಿಗೆಯನ್ನು ಸಣ್ಣದೆಂದು ಎಣಿಸಬಾರದು. ಮಗುವಿನ ಮಾತು ಸರಿಯಾಗಿದ್ದಾಗ ಸರಿಯೆನ್ನಲು ಹೆತ್ತವರಿಗೆ ಬೇಕಾಗುವ ಧೈರ್ಯವು, ತಪ್ಪಾಗಿದ್ದಾಗ ತಿದ್ದಲು ಬೇಕಾಗುವ ಧೈರ್ಯಕ್ಕಿಂತ ಹೆಚ್ಚಿನದು. "ದೊಡ್ಡವರಿಗೆ ಎದುರು ಮಾತನಾಡಬೇಡ" ಎಂದು ಬಾಯಿ ಮುಚ್ಚಿಸುವ ದಾರಿ ಆ ತಂದೆಗೂ ತೆರೆದಿತ್ತು. ಅವರು ಮಗನ ವಯಸ್ಸನ್ನು ನೋಡಲಿಲ್ಲ, ಮಾತಿನ ಪ್ರಾಮಾಣ್ಯವನ್ನು ನೋಡಿದರು.

ಆದರೆ ಮಧ್ಯಗೇಹಭಟ್ಟರ ನಿಜವಾದ ಪರೀಕ್ಷೆ ಮುಂದೆ ಕಾದಿತ್ತು. ಹುಡುಗನು ಸನ್ಯಾಸವನ್ನು ಸಂಕಲ್ಪಿಸಿ ಅಚ್ಯುತಪ್ರೇಕ್ಷರನ್ನು ಆಶ್ರಯಿಸಿದಾಗ ತಂದೆಯ ಹೃದಯ ಒಡೆಯಿತು. ಅವರು ಮಗನಿದ್ದಲ್ಲಿಗೆ ಧಾವಿಸಿ ಬೇಡಿಕೊಂಡರು. ದೈನ್ಯದಿಂದ ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯನಿಗೆ ನಮಸ್ಕರಿಸುವುದು ಅವನು ಯತಿಯಾದಾಗ ಮಾತ್ರ ಸಲ್ಲುವುದರಿಂದ ಇದು ದೈವವೇ ಕೊಟ್ಟ ಸೂಚನೆಯೆಂದು ಮಗನು ಉತ್ತರಿಸಿದನು. ನೇತ್ರಾವತಿಯಾಚೆಗೆ ಹೋದ ಮಗನನ್ನು ಮತ್ತೆ ಹುಡುಕಿಕೊಂಡು ಹೋಗಿ ಗದರಿಸಿದರು, ಪ್ರಾಣತ್ಯಾಗದ ಮಾತನ್ನೂ ಆಡಿದರು. ಬೇಡಿಕೆ, ಕಣ್ಣೀರು, ಕೋಪ, ಬೆದರಿಕೆ ಎಂಬ ನಾಲ್ಕೂ ಉಪಾಯಗಳು ಇಂದಿನ ಮನೆಗಳಿಗೂ ಪರಿಚಿತವಾದವುಗಳೇ. ಮಗನು ಜಗ್ಗಲಿಲ್ಲ, ಆದರೆ ತಂದೆಯನ್ನು ತಿರಸ್ಕರಿಸಲೂ ಇಲ್ಲ. ಕುಲವನ್ನು ಪೋಷಿಸುವ ಇನ್ನೊಬ್ಬ ಮಗನು ಜನಿಸುವವರೆಗೆ ಕಾಯುವೆನೆಂದು ಮಾತು ಕೊಟ್ಟು, ತಮ್ಮನು ಹುಟ್ಟಿದ ಮೇಲೆ ತಾಯಿಯ ಅನುಮತಿಯನ್ನು ಪಡೆದೇ ಮುಂದೆ ನಡೆದನು. ಆ ತಮ್ಮನೂ ಮುಂದೆ ವಿಷ್ಣುತೀರ್ಥರೆಂಬ ಯತಿಗಳಾಗಿ ಸೋದೆ ಮಠದ ಪರಂಪರೆಗೆ ಮೂಲಪುರುಷರಾದರು.

ಹದಿಮೂರನೆಯ ಶತಮಾನದ ಆ ಮನೆಯಲ್ಲಿ ತಂದೆತಾಯಿಗಳು ಸೋತರೆಂದು ಹೇಳೋಣವೇ? ಮಗನನ್ನು ಹಿಡಿದಿಟ್ಟುಕೊಂಡಿದ್ದರೆ ಅವರ ಮನೆಗೊಬ್ಬ ಪಂಡಿತನು ಉಳಿಯುತ್ತಿದ್ದನು. ಬಿಟ್ಟುಕೊಟ್ಟುದರಿಂದ ಜಗತ್ತಿಗೆ ಸರ್ವಮೂಲಗ್ರಂಥಗಳು ದೊರೆತವು. ನಮ್ಮ ಮಕ್ಕಳು ಆಚಾರ್ಯರಲ್ಲ, ಅವರ ಇಚ್ಛೆಗಳೆಲ್ಲ ಸನ್ಯಾಸದಷ್ಟು ಉನ್ನತವೂ ಅಲ್ಲ ಎಂಬುದು ನಿಜ. ವಾಯುದೇವರ ಅವತಾರಕ್ಕೆ ಸಾಮಾನ್ಯ ಜೀವರನ್ನು ಸಮಾನವಾಗಿಸುವುದು ಅಪಚಾರವೂ ಹೌದು. ಇಲ್ಲಿ ನಾವು ಅನುಸರಿಸಬೇಕಾದುದು ಮಗನ ಸಾಮರ್ಥ್ಯವನ್ನಲ್ಲ, ತಂದೆತಾಯಿಗಳು ಕೊನೆಗೆ ತಲುಪಿದ ಮನಃಸ್ಥಿತಿಯನ್ನು.

ಇದಕ್ಕೆ ವಿರುದ್ಧವಾದ ಚಿತ್ರವನ್ನು ಶ್ರೀಮದ್ಭಾಗವತದ ಏಳನೆಯ ಸ್ಕಂಧದಲ್ಲಿ ಕಾಣುತ್ತೇವೆ. ಹಿರಣ್ಯಕಶಿಪುವನ್ನು ನಾವು ಹುಟ್ಟಿನಿಂದಲೇ ಕ್ರೂರಿಯಾದ ತಂದೆಯೆಂದು ಭಾವಿಸುತ್ತೇವೆ. ಆದರೆ ಅವನು ಪ್ರಹ್ಲಾದನನ್ನು ಪ್ರೀತಿಯಿಂದ ತೊಡೆಯ ಮೇಲೆ ಕುಳ್ಳಿರಿಸಿಕೊಂಡೇ, ನೀನು ಒಳ್ಳೆಯದೆಂದು ಎಣಿಸಿದ್ದನ್ನು ಹೇಳೆಂದು ಕೇಳಿದನು. ಕೇಳಿದುದು ಮಗನ ಮನಸ್ಸನ್ನು. ಬಯಸಿದುದು ತನ್ನ ಮಾತಿನ ಪ್ರತಿಧ್ವನಿಯನ್ನು. ಬಂದ ಉತ್ತರವು ಬೇರೆಯಾದೊಡನೆ ಅವನಿಗೆ ಹೊಳೆದುದು, ಯಾರೋ ನನ್ನ ಮಗನನ್ನು ಕೆಡಿಸಿದ್ದಾರೆ ಎಂಬುದು. ಗುರುಗಳ ಮನೆಗೆ ಕಾವಲು ಹೆಚ್ಚಿಸಿದನು. ಮುಂದೆ ಗುರುಪುತ್ರರನ್ನೇ ಗದರಿಸಿದನು. ಮಗನೊಳಗೇ ಒಂದು ಸ್ವಂತ ಬೆಳಕಿರಬಹುದು ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಮುದ್ದಿಸಿದ ತೊಡೆಯಿಂದಲೇ ಮಗನನ್ನು ಕೆಳಕ್ಕೆ ಎಸೆದನು. ಪ್ರೀತಿಯು ಒಡೆತನದ ಮೇಲೆ ನಿಂತಾಗ ಅದು ಕ್ರೌರ್ಯವಾಗಲು ಒಂದು ಭಿನ್ನಾಭಿಪ್ರಾಯ ಸಾಕು ಎಂಬುದಕ್ಕೆ ಇದೇ ಸಾಕ್ಷಿ.

ಮಗುವಿನ "ಏಕೆ?" ಎಂಬ ಪ್ರಶ್ನೆಗೆ ಈಗ ಬರೋಣ. ನಮ್ಮ ಸಿದ್ಧಾಂತದಲ್ಲಿ ಸಾಕ್ಷಿಗೆ ವಿಶೇಷವಾದ ಸ್ಥಾನವಿದೆ. ಸಾಕ್ಷಿಯೆಂದರೆ ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವುದು, ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ನಿಶ್ಚಯಿಸುವುದು ಅದೇ. ಸಂಶಯವು ಮನಸ್ಸಿಗೆ ಬಂದಾಗ ಪರೀಕ್ಷೆಯಿಂದ ಅದನ್ನು ಕಳೆದು, ಸಾಕ್ಷಿಯು ಒಪ್ಪಿದ ಮೇಲೆಯೇ ಜ್ಞಾನವು ದೃಢವಾಗುತ್ತದೆ. ಒಬ್ಬರ ಸಾಕ್ಷಿಯು ಇನ್ನೊಬ್ಬರಿಗಾಗಿ ನಿಶ್ಚಯಿಸಲಾರದು. ತಂದೆಯು ಉಂಡರೆ ಮಗನ ಹಸಿವೆ ಹೇಗೆ ತೀರದೋ ಹಾಗೆಯೇ ತಂದೆಯು ನಂಬಿದ ಮಾತ್ರಕ್ಕೆ ಮಗನ ಸಂಶಯ ತೀರದು. ಎಳೆಯ ಮಗುವು ತಾಯಿಯ ವಿಶ್ವಾಸವನ್ನು ಎರವಲು ಪಡೆದು ಕೈಮುಗಿಯುತ್ತದೆ. ಹರೆಯದ ಮಗುವು ಆ ಎರವಲನ್ನು ಹಿಂದಿರುಗಿಸಿ ಸ್ವಂತದ್ದನ್ನು ಗಳಿಸಲು ಹೊರಡುತ್ತದೆ. ನಡುವಿನ ಈ ಕಾಲದಲ್ಲಿ ಅದರ ಕೈ ಬರಿದಾಗಿ ಕಾಣುವುದು ಸಹಜ. ಅದನ್ನು ನಾಸ್ತಿಕ್ಯವೆಂದು ಕರೆದು ಬೈದರೆ ಗಳಿಕೆಯ ದಾರಿಯನ್ನೇ ನಾವು ಮುಚ್ಚಿದಂತಾಗುತ್ತದೆ.

ಪ್ರಶ್ನೆಯನ್ನು ಸಹಿಸುವ ಪರಂಪರೆ ನಮ್ಮದೇ. ಅಚ್ಯುತಪ್ರೇಕ್ಷರು ಇಷ್ಟಸಿದ್ಧಿಯೆಂಬ ಗ್ರಂಥವನ್ನು ಪಾಠ ಹೇಳತೊಡಗಿದಾಗ, ಅದರ ಮೊದಲ ಶ್ಲೋಕದಲ್ಲಿಯೇ ಮೂವತ್ತೆರಡು ದೋಷಗಳನ್ನು ಶಿಷ್ಯರು ತೋರಿಸಿದರೆಂದು ಪ್ರಸಿದ್ಧಿ. ಅಂತಹ ಶಿಷ್ಯನನ್ನು ಗುರುಗಳು ಹೊರಗಟ್ಟಲಿಲ್ಲ. ವಾದಿಸಿದರು, ಕೇಳಿದರು, ಕೊನೆಗೆ ಒಪ್ಪಿದರು. ಬ್ರಹ್ಮಸೂತ್ರಗಳು ಆರಂಭವಾಗುವುದೂ ಜಿಜ್ಞಾಸೆಯಿಂದಲೇ. ಹೀಗಿರುವಾಗ "ಸಂಧ್ಯಾವಂದನೆ ಏಕೆ?" ಎಂಬ ಪ್ರಶ್ನೆಗೆ "ಮಾಡದಿದ್ದರೆ ಪಾಪ" ಎಂಬ ಒಂದೇ ಉತ್ತರ ಕೊಟ್ಟು ಮುಗಿಸುವುದು ಹೆತ್ತವರಿಗೆ ಶೋಭಿಸದು. ಅರ್ಘ್ಯದ ಅರ್ಥವೇನು, ಗಾಯತ್ರಿಯ ಪ್ರತಿಪಾದ್ಯನಾರು ಎಂಬುದನ್ನು ತಿಳಿಸಬೇಕು. ಉತ್ತರ ತಿಳಿಯದಿದ್ದರೆ ಮಗನೊಂದಿಗೇ ವಿದ್ವಾಂಸರ ಬಳಿ ಹೋಗಿ ಕೇಳಬೇಕು. ತಂದೆಯೂ ಮಗನೂ ಒಂದೇ ಚಾಪೆಯ ಮೇಲೆ ಶಿಷ್ಯರಾಗಿ ಕುಳಿತ ದಿನವನ್ನು ಮಗನು ಬಹುಕಾಲ ಮರೆಯಲಾರನು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಗಂಡುಮಗುವಿಗೆ ಉಪನಯನದ ಮೂಲಕ ಬೆಳವಣಿಗೆಯು ಸಂಭ್ರಮವಾಗಿ ಬರುತ್ತದೆ. ಹೆಣ್ಣುಮಗುವಿಗೆ ಅದು ಹಲವು ಮನೆಗಳಲ್ಲಿ ಹಠಾತ್ತಾಗಿ, ಪಿಸುಮಾತಿನಲ್ಲಿ, "ಬೇಡ"ಗಳ ಪಟ್ಟಿಯಾಗಿ ಬರುತ್ತದೆ. ನಿನ್ನೆಯವರೆಗೆ ದೇವರ ಹೂವಿನ ಬುಟ್ಟಿಯನ್ನು ಹಿಡಿದು ಮನೆಯೆಲ್ಲ ಓಡಾಡಿದವಳು, ಇಂದು ತನ್ನಲ್ಲಿ ಏನೋ ಕುಂದುಂಟೆಂದು ಭಾವಿಸಿದರೆ ಆ ಗಾಯ ಸುಲಭವಾಗಿ ಮಾಯದು. ಶರೀರದ ಧರ್ಮವನ್ನು ತಾಯಿಯು ಮುಂಚಿತವಾಗಿ ಶಾಂತವಾಗಿ ತಿಳಿಸಿರಬೇಕು. ಮನೆಯ ಆಚಾರಗಳ ಬಗ್ಗೆ ಅವಳು ಕೇಳಿದರೆ ಗದರದೆ ಉತ್ತರಿಸಬೇಕು. ಜೀವನ ಸ್ವರೂಪಕ್ಕೆ ದೇಹದ ಈ ಅವಸ್ಥೆಗಳಿಂದ ಯಾವ ಕೊರತೆಯೂ ಇಲ್ಲ, ಹರಿಸ್ಮರಣೆಗೆ ಯಾವ ದಿನವೂ ನಿಷಿದ್ಧವಲ್ಲ ಎಂಬುದು ಅವಳ ಮನಸ್ಸಿನಲ್ಲಿ ನೆಲೆಯೂರುವಂತೆ ಮಾಡುವುದು ಹೆತ್ತವರ ಮೊದಲ ಕರ್ತವ್ಯ.

ದೇಹವು ಜೀವನಿಗಿಂತ ಭಿನ್ನವಾದುದರಿಂದ, ದೇಹದ ದೋಷವನ್ನು ಜೀವನ ಮೇಲೆ ಹೊರಿಸಬಾರದೆಂಬ ವಿವೇಕವೂ ಹೆತ್ತವರಿಗೆ ಬೇಕು. ಹರೆಯದಲ್ಲಿ ನಿದ್ರೆಯ ಸಹಜ ಸಮಯವೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ತಡವಾಗಿ ನಿದ್ರೆ ಹತ್ತಿ ಬೆಳಗ್ಗೆ ಏಳುವುದು ಕಷ್ಟವಾಗುತ್ತದೆ ಎಂದು ವೈದ್ಯಶಾಸ್ತ್ರವು ಹೇಳುತ್ತದೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಆವೇಗವನ್ನು ತಡೆಯುವ, ಮುಂದಾಲೋಚಿಸುವ ಕಾರ್ಯಗಳಿಗೆ ಆಧಾರವಾದ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯಲು ಇಪ್ಪತ್ತು ದಾಟಿ ಕೆಲವು ವರ್ಷಗಳೇ ಹಿಡಿಯುತ್ತವೆ. ಎಂಟರ ವಯಸ್ಸಿನಲ್ಲಿ ಧನುರ್ಮಾಸದ ಪೂಜೆಗೆ ಹಾರಿ ಏಳುತ್ತಿದ್ದವನು ಹದಿನೈದರಲ್ಲಿ ಏಳಲು ತಿಣುಕಿದರೆ ಅದೆಲ್ಲ ಭಕ್ತಿಲೋಪವಲ್ಲ. ರಾತ್ರಿಯ ದೀಪವನ್ನೂ ಮೊಬೈಲನ್ನೂ ಬೇಗ ಆರಿಸುವ ವ್ಯವಸ್ಥೆಯನ್ನು ಮನೆಮಂದಿಯೆಲ್ಲ ಪಾಲಿಸಿದರೆ ಬೆಳಗಿನ ಗದರಿಕೆಯು ಅರ್ಧಕ್ಕರ್ಧ ಕಡಿಮೆಯಾದೀತು.

ಹಾಗಾದರೆ ಶಿಸ್ತು ಬೇಡವೇ, ಮಗುವು ಹೋದ ದಾರಿಯೇ ದಾರಿಯೇ ಎಂದು ಓದುಗರು ಕೇಳಬಹುದು. ಹಾಗಲ್ಲ. ಐದು ವರ್ಷದವರೆಗೆ ಲಾಲನೆ, ಮುಂದಿನ ಹತ್ತು ವರ್ಷ ಶಿಕ್ಷಣ, ಹದಿನಾರನೆಯ ವರ್ಷ ಬಂದ ಮೇಲೆ ಸ್ನೇಹ ಎಂಬ ನೀತಿಯನ್ನು ಹಿರಿಯರು ವಿಧಿಸಿದ್ದಾರೆ. ಸ್ನೇಹಿತನೆಂದರೆ ಮೌನವಾಗಿ ನೋಡುವವನಲ್ಲ. ಬಾವಿಯ ಕಡೆಗೆ ನಡೆಯುವವನನ್ನು ಕೈಹಿಡಿದು ತಡೆಯುವವನೂ ಅವನೇ. ದುಶ್ಚಟ, ಅಸತ್ಯ, ಪರಪೀಡೆ ಇವುಗಳಲ್ಲಿ ಹೆತ್ತವರು ಗಟ್ಟಿಯಾಗಿ ನಿಲ್ಲಲೇಬೇಕು. ಆದರೆ ಮಗುವಿನ ಅಹಿತವನ್ನು ತಡೆಯುವುದಕ್ಕೂ ತಮ್ಮ ಪ್ರತಿಷ್ಠೆಯನ್ನು ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ಹೆತ್ತವರು ತಮ್ಮ ಸಾಕ್ಷಿಯನ್ನೇ ಕೇಳಿ ತಿಳಿಯಬೇಕು. "ನಾಲ್ಕು ಜನ ಏನೆಂದುಕೊಂಡಾರು" ಎಂಬ ಭಯದಿಂದ ಹುಟ್ಟಿದ ಕಟ್ಟಳೆಗಳೇ ಮನೆಗಳಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುತ್ತವೆ.

ಯಶೋದೆಯು ಬಾಲಕೃಷ್ಣನನ್ನು ಒರಳಿಗೆ ಕಟ್ಟಹೊರಟ ಕಥೆಯನ್ನು ಕಾರ್ತಿಕಮಾಸದಲ್ಲಿ ಮನೆಮನೆಯಲ್ಲಿಯೂ ನೆನೆಯುತ್ತೇವೆ. ಎಷ್ಟು ಹಗ್ಗ ಸೇರಿಸಿದರೂ ಎರಡು ಬೆರಳಿನಷ್ಟು ಸಾಲದೆ ಹೋಯಿತು. ಕೊನೆಗೆ ಕಟ್ಟು ಬಿದ್ದುದು ಹಗ್ಗದ ಉದ್ದದಿಂದಲ್ಲ. ಬೆವೆತು ಬಳಲಿದ ತಾಯಿಯನ್ನು ಕಂಡು ಸ್ವಾಮಿಯು ತಾನಾಗಿ ಒಪ್ಪಿದುದರಿಂದ. ಅವನ ಮಹಿಮೆ ಅವನದೇ ಆಗಿದ್ದರೂ ಗೃಹಸ್ಥರಿಗೆ ಇಲ್ಲೊಂದು ಪಾಠವಿದೆ. ಪ್ರತಿಯೊಂದು ಮಗುವಿನೊಳಗೂ ಅದೇ ಸ್ವಾಮಿಯು ಅಂತರ್ಯಾಮಿಯಾಗಿ ಇದ್ದಾನಲ್ಲವೇ? ನಿಯಮಗಳ ಹಗ್ಗವನ್ನು ಎಷ್ಟು ನೀಳವಾಗಿಸಿದರೂ ಅದು ಸಾಲದು. ತಮಗಾಗಿ ಸವೆದ ಹೆತ್ತವರ ಪ್ರೀತಿಯನ್ನು ಕಂಡು ಮಕ್ಕಳು ತಾವಾಗಿ ಒಪ್ಪಿದ ಕಟ್ಟು ಮಾತ್ರ ಉಳಿಯುತ್ತದೆ.

ಇನ್ನೊಂದು ಸಂಶಯ ಉಳಿದಿದೆ. ಜೀವನ ಸ್ವಭಾವವು ಅನಾದಿಯಾಗಿದ್ದರೆ ನಮ್ಮ ಪ್ರಯತ್ನದಿಂದ ಆಗುವುದೇನು? ತೋಟಗಾರನು ತೆಂಗನ್ನು ಮಾವಾಗಿಸಲಾರನು. ಆದರೆ ನೀರೆರೆಯದಿದ್ದರೆ ತೆಂಗೂ ಫಲಿಸದು. ಯೋಗ್ಯತೆ, ಕರ್ಮ, ಪ್ರಯತ್ನ ಇವುಗಳನ್ನು ಶಾಸ್ತ್ರವು ಒಟ್ಟಾಗಿಯೇ ಹೇಳುತ್ತದೆ, ಪ್ರಯತ್ನವನ್ನು ವ್ಯರ್ಥವೆನ್ನುವುದಿಲ್ಲ. ಮತ್ತೊಬ್ಬರ ಯೋಗ್ಯತೆಯನ್ನು ಅಳೆಯುವ ಕಣ್ಣು ಸಾಮಾನ್ಯರಾದ ನಮಗಿಲ್ಲ. ಆದುದರಿಂದ "ಇವನ ಹಣೆಬರಹವೇ ಇಷ್ಟು, ಇವಳ ಗುಣವೇ ಹೀಗೆ" ಎಂದು ಹದಿನಾಲ್ಕರ ಮಗುವಿನ ಮೇಲೆ ತೀರ್ಪು ಕೊಡುವ ಅಧಿಕಾರ ಯಾವ ತಂದೆಗೂ ಯಾವ ತಾಯಿಗೂ ಇಲ್ಲ. ಅಂತಹ ಮಾತನ್ನು ಆಡುವವನು ಸರ್ವಜ್ಞನ ಸ್ಥಾನದಲ್ಲಿ ತನ್ನನ್ನು ಕೂರಿಸಿಕೊಂಡಂತಾಗುತ್ತದೆ. ತಾರತಮ್ಯವನ್ನು ಅರಿತವನಲ್ಲಿ ವಿನಯ ಬೆಳೆಯಬೇಕೇ ಹೊರತು ಪರರ ಮೇಲೆ, ಅದರಲ್ಲೂ ಮಕ್ಕಳ ಮೇಲೆ, ತಿರಸ್ಕಾರ ಬೆಳೆಯಬಾರದು.

ಭಾಗವತದ ಮೂರನೆಯ ಸ್ಕಂಧದಲ್ಲಿ ದೇವಹೂತಿಯು ತನ್ನ ಮಗನಾದ ಕಪಿಲನ ಮುಂದೆ ಕುಳಿತು ತತ್ತ್ವವನ್ನು ಕೇಳಿದಳು. ಅಲ್ಲಿ ಮಗನು ಸಾಕ್ಷಾತ್ ಭಗವಂತನೇ. ನಮ್ಮ ಮನೆಗಳಲ್ಲಿ ಹಾಗಲ್ಲ. ಆದರೂ ಕೇಳುವ ಆ ತಾಯಿಯ ಭಂಗಿಯು ಎಲ್ಲ ಹೆತ್ತವರಿಗೂ ಆದರ್ಶ. ಎಳವೆಯಲ್ಲಿ ನಾವು ಹೇಳಿದೆವು, ಮಗುವು ಕೇಳಿತು. ಹರೆಯದಲ್ಲಿ ಮಗುವು ಹೇಳಲು ತವಕಿಸುತ್ತದೆ. ಕೇಳುವ ಸರದಿ ನಮ್ಮದು. ಊಟದ ಹೊತ್ತಿನಲ್ಲಿ, ದೇವಸ್ಥಾನದ ಪ್ರದಕ್ಷಿಣೆಯಲ್ಲಿ, ರಥೋತ್ಸವ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ ಅದು ಎಂದೋ ಒಮ್ಮೆ ಬಾಯಿ ತೆರೆದಾಗ, ಉಪದೇಶವನ್ನು ತಡೆದು ಕಿವಿಗೊಡುವುದೇ ಆ ಹೊತ್ತಿನ ಭಗವತ್ಪೂಜೆ.

ಪೂಜೆಯ ಕೊನೆಯಲ್ಲಿ ಎಲ್ಲವನ್ನೂ ಶ್ರೀಕೃಷ್ಣನಿಗೆ ಅರ್ಪಿಸುತ್ತೇವೆ. ಹೂವು, ಹಣ್ಣು, ಅನ್ನಗಳನ್ನು ಅರ್ಪಿಸುವುದು ಸುಲಭ. ಅವುಗಳಿಗೆ ಸ್ವಂತ ಇಚ್ಛೆಯಿಲ್ಲ. ಇಚ್ಛೆಯುಳ್ಳ, ಪ್ರಶ್ನಿಸುವ, ಕೈ ಬಿಡಿಸಿಕೊಂಡು ನಡೆಯುವ ಮಗುವನ್ನು "ಸ್ವಾಮಿ, ಇವನು ನಿನ್ನವನು" ಎಂದು ಅರ್ಪಿಸಿ, ಮರುಗಳಿಗೆಯಲ್ಲಿಯೇ ಎದ್ದು ಅವನಿಗೆ ಬಿಸಿಯನ್ನವನ್ನು ಬಡಿಸುವುದು ಕಷ್ಟದ ಸಾಧನೆ. ಆ ಸಾಧನೆಗೆ ಬೇಕಾದ ತಾಳ್ಮೆಯನ್ನೂ ವಿವೇಕವನ್ನೂ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಎಲ್ಲ ಹೆತ್ತವರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.